ಮುನ್ನೂರು ಯೂನಿಟ್ಟಿನ ಮನೆ

ಆ ಮನೆಯಲ್ಲಿ ಸ್ವಿಚ್ಚು ಹಾಕುವವರು ನಾಲ್ಕು ಜನ, ಆರಿಸುವವರು ಒಬ್ಬರೇ. ಅವರೇ ಮಾವ. ಮೂವತ್ತಾರು ವರ್ಷ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು, ನಿವೃತ್ತರಾದ ಮೇಲೆ ಕಂಬದ ಮೇಲಿದ್ದ ಕಣ್ಣನ್ನೆಲ್ಲ ಮನೆಯ ಗೋಡೆಗಳ ಮೇಲೆ ಇಟ್ಟಿದ್ದರು. ಕೋಣೆಯಿಂದ ಯಾರಾದರೂ ಹೊರಗೆ ಕಾಲಿಟ್ಟರೆ ಸಾಕು, ಬೆನ್ನ ಹಿಂದೆಯೇ ಟಕ್ ಎಂಬ ಸದ್ದು. ಬಚ್ಚಲಲ್ಲಿ ಮೈಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗಲೇ ಕತ್ತಲಾಗಿ, "ಒಳಗೆ ನಾನಿದೀನಿ!" ಎಂದು ಕಿರುಚದೇ ಇದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಇಂಥವರ ಮನೆಗೆ ಬಂದ ಸೊಸೆ ಮಾಡಿದ್ದೇನು? ಮುಂದಿನ ಕೋಣೆಯಲ್ಲೇ ಲಾಂಡ್ರಿ ತೆಗೆದಳು! ಬಿಸಿನೀರಲ್ಲಿ ಒಗೆಯುವ ದೊಡ್ಡ ಮಷೀನು ಎರಡು, ಇಸ್ತ್ರಿ ಪೆಟ್ಟಿಗೆ ಮೂರು, ಗೋಡೆಯುದ್ದಕ್ಕೂ ಹ್ಯಾಂಗರು. ಬೀದಿಯವರೆಲ್ಲ ಅವಳನ್ನು ಇಸ್ತ್ರಿ ಅಕ್ಕ ಅನ್ನುತ್ತಿದ್ದರು. ಅದಕ್ಕೂ ಮೊದಲು ಆರು ವರ್ಷ ಅವಳು ಊರಾಚೆ ಬಟ್ಟೆ ತೊಳೆಯುವ ಕಾರ್ಖಾನೆಯಲ್ಲಿ ದುಡಿದಿದ್ದಳು. ಆವಿ ಪ್ರೆಸ್ಸಿನ ಮುಂದೆ ದಿನಕ್ಕೆ ಹತ್ತು ತಾಸು ನಿಲ್ಲಬೇಕು, ಬಚ್ಚಲಿಗೆ ಹೋಗಬೇಕಾದರೂ ಸೂಪರ್‌ವೈಸರ್ ಮುಖ ನೋಡಬೇಕು. ಎಡಗೈಯಲ್ಲಿ ಸುಟ್ಟ ಕಲೆ ಹೊತ್ತು ಅಲ್ಲಿಂದ ಹೊರಬಿದ್ದ ದಿನ, ಸತ್ತರೂ ಇನ್ನು ಇತ್ತ ಕಾಲಿಡುವುದಿಲ್ಲ ಅಂದುಕೊಂಡಿದ್ದಳು. ಸ್ವಂತ ಲಾಂಡ್ರಿ ಏಳು ವರ್ಷ ಚೆನ್ನಾಗಿಯೇ ನಡೆಯಿತು.

ಆಮೇಲೆ ಕರೆಂಟಿನ ದರ ಏರಿತು. ಒಂದಲ್ಲ, ಎರಡು ಸಲ. ಬಂದದ್ದರಲ್ಲಿ ಅರ್ಧ ಮೀಟರೇ ತಿಂದುಹಾಕತೊಡಗಿತು. ಚಾವಣಿಯ ಮೇಲೆ ಸೋಲಾರ್ ಪ್ಯಾನಲ್ ಕೂರಿಸಿದರೆ ಬದುಕಿಕೊಳ್ಳಬಹುದು ಎಂದು ಅವಳು ಹೋದ ವರ್ಷವೇ ಲೆಕ್ಕ ಹಾಕಿದ್ದಳು. ಆಗ ಸರ್ಕಾರ ನೂರಕ್ಕೆ ಅರವತ್ತು ಸಬ್ಸಿಡಿ ಕೊಡುತ್ತಿತ್ತು. ಈಗ ನಲವತ್ತು. ಇನ್ನೆರಡು ತಿಂಗಳು ಕಳೆದರೆ ಹದಿನೈದು, ಅದೂ ಚಿಕ್ಕ ಸೆಟ್ಟಿಗೆ ಮಾತ್ರ.

"ಹೋದ ವರ್ಷವೇ ತಗೊಂಡಿದ್ರೆ ಈ ಗೋಳಿರ್ತಿರ್ಲಿಲ್ಲ," ಎಂದಳು ಸೊಸೆ, ಊಟದ ಮೇಜಿನ ಮೇಲೆ ಬೇಯಿಸಿದ ಆಲೂಗಡ್ಡೆಯ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತ. "ಯಾರೋ ಕಾಯೋಣ ಅಂದ್ರು."

"ಯಾರೋ ಯಾಕಮ್ಮಾ, ನಾನೇ ಅಂದಿದ್ದು," ಎಂದರು ಮಾವ. "ಬೆಲೆ ಇಳಿಯುತ್ತೆ ಅಂತ ಪೇಪರಲ್ಲಿ ಬಂದಿತ್ತು."

"ಇಳೀತಲ್ಲ!" ಎಂದರು ಅತ್ತೆ. "ಪ್ಯಾನಲ್ಲಿಂದು ಬೆರಳಷ್ಟು ಇಳೀತು, ಸಬ್ಸಿಡಿ ಮೊಳದುದ್ದ ಇಳೀತು. ಪೇಪರ್ ಓದೋ ಗಂಡಸರನ್ನ ಕಟ್ಕೊಂಡ್ರೆ ಹಿಂಗೇ."

ಗಂಡ ತಲೆ ಎತ್ತಲಿಲ್ಲ. ಅವನು ನಗರ ಸಾರಿಗೆಯ ಬಸ್ಸು ಓಡಿಸುತ್ತಿದ್ದ, ಹಗಲೆಲ್ಲ ಹಾರ್ನ್ ಕೇಳಿ ಕೇಳಿ ಮನೆಯಲ್ಲಿ ಯಾರ ದನಿ ಏರಿದರೂ ಬ್ರೆಡ್ಡಿನ ಕಡೆಗೇ ನೋಡುತ್ತಿದ್ದ. ಮಗಳು ಮಾತ್ರ, ನರ್ಸಿಂಗ್ ಮೊದಲ ವರ್ಷ ಓದುತ್ತಿದ್ದವಳು, ನಾಲ್ವರ ಮುಖವನ್ನೂ ನೋಡಿ ಕೇಳಿದಳು: "ಈಗ್ಲೂ ನಲವತ್ತು ಸಿಗುತ್ತಲ್ಲ? ನಮ್ಮ ಪಾಲಿನ ಅರವತ್ತು ಎಲ್ಲಿಂದ ತರೋದು ಅದನ್ನ ಹೇಳಿ."

ಮಾವ ಚಮಚ ಕೆಳಗಿಟ್ಟರು. ಅವರ ಕಣ್ಣಲ್ಲಿ ಹುರುಪು ಬಂದಿತ್ತು. "ಕರೆಂಟ್ ಉಳಿಸೋಣ. ಎರಡು ತಿಂಗಳು. ಬಿಲ್ಲಲ್ಲಿ ಉಳಿದದ್ದೆಲ್ಲ ಡಬ್ಬಿಗೆ, ಮೊದ್ಲೇ ಕೂಡಿಟ್ಟದ್ದರ ಮೇಲೆ. ಪ್ಯಾನಲ್ಲಿನ ದುಡ್ಡು ಮೀಟರಿನ ಹೊಟ್ಟೆಯಿಂದಾನೇ ತೆಗೆಯೋಣ!"

ಅದೆಂಥ ಉಳಿತಾಯ ಅಂತೀರಿ! ಮಾರನೇ ದಿನವೇ ಮಾವ ಅಟ್ಟದಿಂದ ಎರಡು ಹಳೇ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ಇಳಿಸಿ, ತುಕ್ಕು ಉಜ್ಜಿ, ಹಿತ್ತಲಲ್ಲಿ ಕೆಂಡ ಮಾಡಿ ತುಂಬಿಕೊಟ್ಟರು. ಒಗೆತ ಕಲ್ಲಿನ ಮೇಲೆ. ಸಂಜೆ ಐದೂ ಜನ ಒಂದೇ ದೀಪದ ಕೆಳಗೆ. ಮಗಳು ಓದುತ್ತಿದ್ದ ಪುಸ್ತಕದ ಮೇಲೆ ಅಜ್ಜಿ ಸೊಪ್ಪು ಸೋಸುತ್ತಿದ್ದರು. ಒಂದು ಕಿಡಿ ಹಾರಿ ಬೀದಿಯ ಹಳೇ ಗಿರಾಕಿ ಮೇಷ್ಟರ ಬಿಳಿ ಅಂಗಿಯ ಜೇಬಿಗೆ ತೂತು ಬಿತ್ತು, ಮೇಷ್ಟರು ಬೇರೆ ಲಾಂಡ್ರಿಗೆ ಹೋದರು. ಅವರ ಹಿಂದೆಯೇ ಇನ್ನೂ ಆರು ಮನೆಯವರು. ಕಲ್ಲಿನ ಮೇಲೆ ಬಡಿದು ಬಡಿದು ಸೊಸೆಯ ಭುಜ ರಾತ್ರಿಯೆಲ್ಲ ಸೇದುತ್ತಿತ್ತು. ಆದರೂ ಅವಳು ಸಹಿಸಿಕೊಂಡಳು. ಡಬ್ಬಿ ತುಂಬುತ್ತಿತ್ತಲ್ಲ! ಮೊದಲಿನ ತಿಂಗಳು ನಾನೂರ ಇಪ್ಪತ್ತೈದು ಯೂನಿಟ್ ತೋರಿಸಿದ್ದ ಬಿಲ್ಲು ಮುಂದಿನ ತಿಂಗಳು ಇನ್ನೂರ ಐದಕ್ಕೆ ಇಳಿಯಿತು. ಮಾವ ಆ ಬಿಲ್ಲನ್ನು ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂದರು.

ಉಳಿತಾಯದ ಎರಡನೇ ತಿಂಗಳ ಹತ್ತೊಂಬತ್ತನೇ ತಾರೀಖು ಪ್ಯಾನಲ್ ಅಂಗಡಿಯವರು ಅಳತೆಗೆ ಒಬ್ಬ ಹೆಂಗಸನ್ನು ಕಳಿಸಿದರು. ಬೂಟು ಹಾಕಿಕೊಂಡು, ಸೊಂಟಕ್ಕೆ ಟೇಪು ಸಿಕ್ಕಿಸಿಕೊಂಡು ಬಂದ ಚುರುಕಿನ ಹೆಂಗಸು. ಚಾವಣಿ ಹತ್ತಿ ನಾಲ್ಕೂ ದಿಕ್ಕು ನೋಡಿ, "ಒಂದು ಮರದ ನೆರಳೂ ಇಲ್ಲ, ಬಂಗಾರದಂಥ ಜಾಗ!" ಎಂದಳು. ಸೊಸೆಗೆ ಆಗಲೇ ತಾನು ಲೆಕ್ಕ ಹಾಕಿದ್ದ ಎಂಟೂ ಪ್ಯಾನಲ್ಲು ಕಣ್ಣಿಗೆ ಕಂಡಂತಾಯಿತು. ಕೆಳಗಿಳಿದು ಬಂದು ಟೀ ಕುಡಿಯುತ್ತ ಅಳತೆಯವಳು ಹಿಂದಿನ ಬಿಲ್ಲು ಕೇಳಿದಳು. ನೋಡಿದಳು. ಹುಬ್ಬು ಗಂಟಿಕ್ಕಿದಳು.

"ಇಷ್ಟು ಕಮ್ಮಿ ಹೇಗಾಯ್ತು? ಲಾಂಡ್ರಿ ಮುಚ್ಚಿದ್ರಾ?"

"ಉಳಿಸಿದ್ವಿ!" ಎಂದರು ಮಾವ, ಎದೆ ಮುಂದೆ ಮಾಡಿ.

"ಯಾರು ಹೇಳಿದ್ದು ಉಳಿಸೋಕೆ?"

"ನಾನೇ!"

ಅಳತೆಯವಳು ಕಪ್ಪನ್ನು ಕೆಳಗಿಟ್ಟಳು. "ಯಜಮಾನ್ರೇ, ನಲವತ್ತು ಸಿಗೋದು ಲಾಂಡ್ರಿ, ಬೇಕರಿ ಥರ ಮನೇಲೇ ಕಸುಬು ಮಾಡೋರಿಗೆ. ಕಸುಬು ಇದೆ ಅಂತ ಅವರು ಹೇಗೆ ನಂಬ್ತಾರೆ? ಬಿಲ್ಲು ನೋಡಿ. ಕೊನೇ ಮೂರು ತಿಂಗಳು ಸರಾಸರಿ ಮುನ್ನೂರು ಯೂನಿಟ್ ಖರ್ಚಾಗಿರಬೇಕು. ಇಷ್ಟು ಕಮ್ಮಿ ಸುಡೋರಿಗೆ ದೊಡ್ಡ ಸೆಟ್ ಯಾಕೆ ಅಂತಾರೆ."

ಮಾವ ಬಿಲ್ಲನ್ನು ಇಸಿದುಕೊಂಡು ಇನ್ನೊಮ್ಮೆ ನೋಡಿದರು.

"ಅಂದ್ರೆ," ಮಗಳು ನಿಧಾನವಾಗಿ ಕೇಳಿದಳು, "ನಾವು ಪ್ಯಾನಲ್ ತಗೊಳ್ಳೋಕೆ ಅಂತ ಉಳಿಸಿದ್ದಕ್ಕೇ ನಮಗೆ ಪ್ಯಾನಲ್ ಇಲ್ವಾ?"

"ಮೂವತ್ತನೇ ತಾರೀಖು ರೀಡಿಂಗ್ ಆಗುತ್ತೆ. ಒಂದನೇ ತಾರೀಖಿಂದ ನಲವತ್ತು ಬಂದ್. ನಾನೇನು ಮಾಡ್ಲಮ್ಮಾ," ಎಂದು ಅಳತೆಯವಳು ಎದ್ದಳು.

ಅವಳು ಹೋಗಿ ಎರಡು ನಿಮಿಷವಾಗಿರಲಿಲ್ಲ, ಸೊಸೆಯ ಫೋನ್ ಹೊಡೆದುಕೊಂಡಿತು. ಬೇಕಂತಲೇ ಕಾದು ಕೂತಂತೆ ಕಾರ್ಖಾನೆಯ ಸೂಪರ್‌ವೈಸರ್! ಪ್ರೆಸ್ಸಿನ ಜಾಗವೊಂದು ಖಾಲಿಯಾಗಿದೆ, ಬರುವ ತಿಂಗಳ ಹತ್ತರವರೆಗೆ ಹಿಡಿದಿಟ್ಟಿರುತ್ತೇನೆ, ಬಾ ಎಂದ. ಸೊಸೆ "ಆಗ್ಲಿ ಸಾರ್" ಎಂದು ಫೋನ್ ಇಟ್ಟಳು. ಮಾವನ ಕಡೆ ತಿರುಗಿದಳು.

"ನಿಮ್ಮ ಮಾತು ಕೇಳಿದಾಗೆಲ್ಲ ನಾನು ಮುಳುಗಿದೀನಿ ಮಾವ. ಹೋದ ವರ್ಷ ಕಾಯಿ ಅಂದ್ರಿ, ಕಾದೆ. ಈ ವರ್ಷ ಉಳಿಸು ಅಂದ್ರಿ, ಉಳಿಸ್ದೆ. ಇನ್ನು ಪ್ರೆಸ್ಸಿನ ಮುಂದೆ ಹೋಗಿ ನಿಂತ್ಕೋತೀನಿ, ಸರೀನಾ?"

ಮದುವೆಯಾಗಿ ಬಂದಂದಿನಿಂದ ಅವಳು ಮಾವನೆದುರು ಅಷ್ಟು ದನಿ ಎತ್ತಿದ್ದು ಅದೇ ಮೊದಲು. ಮಾವ ಎದ್ದು ಹೊರಗೆ ಹೋದರು. ಹೋದವರು ಬೀದಿಗೆ ಹೋಗಲಿಲ್ಲ, ಜಗಲಿಯ ಮೇಲಿದ್ದ ಮೀಟರಿನ ಮುಂದೆ ನಿಂತು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಏನೋ ಗೀಚಿ, ಒಳಗೆ ಬಂದರು.

"ಒಟ್ಟು ಒಂಬೈನೂರು ಬೇಕು. ಹಿಂದಿನ ಎರಡು ತಿಂಗಳದು ಸೇರಿಸಿದ್ರೆ ಆರುನೂರ ಮೂವತ್ತು. ಈ ತಿಂಗಳು ಇಲ್ಲೀವರೆಗೆ ಎಪ್ಪತ್ತೆಂಟು. ಇನ್ನು ನೂರ ತೊಂಬತ್ತೆರಡು ಯೂನಿಟ್, ಹನ್ನೊಂದು ದಿನ."

"ದಿನಕ್ಕೆ ಹದಿನೇಳೂವರೆ," ಎಂದಳು ಮಗಳು.

"ಅಷ್ಟೇ ತಾನೇ?" ಎಂದ ಗಂಡ, ಆ ಇಡೀ ಹೊತ್ತಿನಲ್ಲಿ ಮೊದಲ ಸಲ ಬಾಯಿ ಬಿಟ್ಟು. "ಎಲ್ಲಾ ಪೆಟ್ಟಿಗೆ ಕಾಯಿಸಿ ಇಟ್ಬಿಡಿ. ಗೀಸರ್ ಆನ್ ಮಾಡಿ ಕೂತ್ಕೊಳ್ಳೋಣ."

"ಇಲ್ಲ," ಎಂದಳು ಸೊಸೆ. ಕೋಪದ ನಡುವೆಯೂ ಅವಳಿಗೆ ಅದು ಸಹಿಸಲಾಗಲಿಲ್ಲ. "ಸುಮ್ಸುಮ್ನೆ ಸುಡೋಕೆ ನನ್ನ ಕೈಲಾಗಲ್ಲ. ಸುಟ್ರೆ ಬಟ್ಟೆ ಒಗ್ದೇ ಸುಡ್ಬೇಕು. ಕಸುಬು ಇದೆಯಾ ಅಂತ ತಾನೇ ಕೇಳ್ತಿರೋದು? ಕಸುಬೇ ತೋರ್ಸೋಣ."

"ಗಿರಾಕಿಗಳೆಲ್ಲ ಓಡಿ ಹೋಗಿದಾರಲ್ಲೇ!" ಎಂದರು ಅತ್ತೆ.

"ಹಂಗಾದ್ರೆ ಹಿಡ್ಕೊಂಡು ಬನ್ನಿ!"

ನಿಜವಾಗಿಯೂ ಹಿಡಿದುಕೊಂಡೇ ಬಂದರು. ಗಂಡನ ಬಸ್ ಡಿಪೋದಲ್ಲಿ ಬಟ್ಟೆ ಒಗೆಯುವ ಗುತ್ತಿಗೆಯವನು ಕೈಕೊಟ್ಟು ಮೂರು ತಿಂಗಳಾಗಿತ್ತು. ನಲವತ್ತು ಬಸ್ಸಿನ ಸೀಟಿನ ಗವಸುಗಳು ಒಂದು ಕೋಣೆಯಲ್ಲಿ ರಾಶಿ ಬಿದ್ದಿದ್ದವು. ಗಂಡ ಮ್ಯಾನೇಜರಿಗೆ, "ಅರ್ಧ ರೇಟಿಗೆ ಮಾಡ್ಕೊಡ್ತಾರೆ, ಇವತ್ತೇ ಕೊಡಿ," ಎಂದು ಹೇಳಿ ಸಂಜೆಯ ಪಾಳಿ ಮುಗಿಸಿ ಸರಕಿನ ಗಾಡಿಯಲ್ಲಿ ಹದಿನಾಲ್ಕು ಮೂಟೆ ಹೇರಿಕೊಂಡು ಬಂದ. ಮುಂಬಾಗಿಲು ತೆರೆದದ್ದೇ ತಡ, ಬೆವರು, ಎಣ್ಣೆ, ಯಾರೋ ಚೆಲ್ಲಿದ ಹಾಲು, ಎಲ್ಲದರ ವಾಸನೆಯೂ ಮನೆಯೊಳಗೆ ನುಗ್ಗಿತು.

"ಇದನ್ನ ಒಗೆಯೋದಾ, ಹೂಳೋದಾ?" ಎಂದರು ಅತ್ತೆ, ಸೆರಗಿನಿಂದ ಮೂಗು ಮುಚ್ಚಿಕೊಂಡು.

"ನೀವು ಬೀದಿಗೆ ಹೋಗಿ ಅತ್ತೆ. ಕಂಬಳಿ, ಪರದೆ, ಏನು ಕೊಟ್ರೂ ತನ್ನಿ. ಮೊದಲನೇ ಒಗೆತ ಪುಕ್ಕಟೆ ಅನ್ನಿ."

"ಪುಕ್ಕಟೇನಾ?"

"ಯೂನಿಟ್ ಬೇಕಲ್ಲ ಅತ್ತೆ!"

ಅತ್ತೆಗೆ ಬೀದಿ ಸುತ್ತುವುದೆಂದರೆ ಹಬ್ಬ. ಮನೆಮನೆ ಹೊಕ್ಕು, ಎರಡು ವರ್ಷ ನೀರು ಕಾಣದ ಕಂಬಳಿಗಳನ್ನು ಮಂಚದಿಂದಲೇ ಎಳೆದು ತಂದರು. ಓಡಿಹೋಗಿದ್ದ ಮೇಷ್ಟರ ಹೆಂಡತಿಯನ್ನೂ ಬಿಡಲಿಲ್ಲ, "ನಿಮ್ಮ ಪರದೆ ನೋಡಿದ್ರೆ ನನಗೇ ಸೀನು ಬರುತ್ತೆ ಕಣಮ್ಮಾ," ಎಂದು ಕಳಚಿಸಿಕೊಂಡು ಬಂದರು. ಮಗಳು ನರ್ಸಿಂಗ್ ಹಾಸ್ಟೆಲಿನಿಂದ ನೂರಾ ಇಪ್ಪತ್ತು ಹಾಸಿಗೆಯ ಚಾದರ ಹೊರಿಸಿಕೊಂಡು ಬಂದಳು.

ಮಷೀನುಗಳು ಬೆಳಗಿನಿಂದ ಸಂಜೆವರೆಗೆ ಗುಡುಗಿದವು. ಹಿತ್ತಲಲ್ಲಿ, ಚಾವಣಿಯಲ್ಲಿ, ಜಗಲಿಯ ಕಂಬಿಗೆ, ಪಕ್ಕದ ಮನೆಯ ಬೇಲಿಗೆ, ಎಲ್ಲೆಲ್ಲೂ ಸೀಟಿನ ಗವಸು. ಗಂಡ ಪಾಳಿಗೆ ಮೊದಲು ಒಂದು ತಾಸು ಇಸ್ತ್ರಿ ಹಿಡಿದ. ಊಟವೆಂದರೆ ನಿಂತಲ್ಲೇ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅದನ್ನೂ ಅತ್ತೆ ಕರೆಂಟ್ ಒಲೆಯ ಮೇಲೆಯೇ ಬೇಯಿಸುತ್ತಿದ್ದರು. ಮೀಟರಿನ ಕೆಂಪು ದೀಪ ಹುಚ್ಚು ಹಿಡಿದಂತೆ ಮಿಟುಕುತ್ತಿತ್ತು. ಸೊಸೆಯ ಕಾಲು ಬಾತುಕೊಂಡಿತ್ತು, ಆದರೆ ಬೆಳಿಗ್ಗೆ ಎದ್ದರೆ ಅವಳಿಗೆ ಯಾವಾಗ ಮಷೀನಿನ ಮುಂದೆ ನಿಂತೇನೋ ಅನಿಸುತ್ತಿತ್ತು. ಮನೆಯವರೆಲ್ಲ ಒಂದೇ ಕೆಲಸಕ್ಕೆ ಬಿದ್ದದ್ದನ್ನು ಅವಳು ಇದಕ್ಕೂ ಮೊದಲು ಕಂಡಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಪಾಡುಪಟ್ಟವರು ಮಾವ. ತಾಸಿಗೊಮ್ಮೆ ಮೀಟರ್ ನೋಡಿ ಗೋಡೆಯ ಮೇಲೆ ಬರೆಯುವ ಕೆಲಸ ಅವರದ್ದು. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದರು. ಆದರೆ ದೀಪ ಉರಿಯುತ್ತಿರುವ ಖಾಲಿ ಕೋಣೆಯ ಮುಂದೆ ಹಾದುಹೋಗುವಾಗ ಅವರ ಬೆರಳು ತಾವಾಗಿಯೇ ಸ್ವಿಚ್ಚಿನ ಕಡೆ ಏಳುತ್ತಿದ್ದವು.

"ತಾತ, ಕೈ!" ಎಂದು ಮಗಳು ಕೂಗುತ್ತಿದ್ದಳು.

"ಅಯ್ಯೋ, ಹೌದಲ್ಲ," ಎಂದು ಅವರು ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

"ಆ ಕೈಗೆ ಒಂದು ಗವಸು ಹೊಲಿದು ಹಾಕಿ," ಎನ್ನುತ್ತಿದ್ದರು ಅತ್ತೆ. "ಸೀಟಿಂದೇ ಇದೆಯಲ್ಲ ರಾಶಿ!"

ಆರನೇ ದಿನ ಮಧ್ಯಾಹ್ನ ಜಗಲಿಯ ಮೇಲೆ ಮಾವ ಗವಸು ಮಡಿಸುತ್ತ ಕೂತಿದ್ದರು. ಸೊಸೆ ಟೀ ತಂದು ಕೊಟ್ಟಳು. ಜಗಳದ ದಿನದಿಂದ ಇಬ್ಬರ ನಡುವೆ ಯೂನಿಟ್ಟಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

"ಹೋದ ವರ್ಷ ಕಾಯೋಣ ಅಂದದ್ದು ಬೆಲೆಗಾಗಿ ಅಲ್ಲ ಕಣಮ್ಮಾ," ಎಂದರು ಮಾವ, ತಲೆ ಎತ್ತದೆ. "ಮೂವತ್ತಾರು ವರ್ಷ ಮಳೆ ಗಾಳಿ ಅನ್ನದೆ ಊರಿಗೆಲ್ಲ ಕರೆಂಟ್ ಕೊಟ್ಟೋನು ನಾನು. ನನ್ನ ಮನೇಲೇ ಅದು ಬೇಡ ಅಂತಾರಲ್ಲ ಅನ್ನಿಸ್ತು. ಬಾಯ್ಬಿಟ್ಟು ಹೇಳೋಕೆ ನಾಚಿಕೆ ಆಯ್ತು. ಅದಕ್ಕೆ ಪೇಪರಿನ ಮೇಲೆ ಹಾಕ್ದೆ."

ಸೊಸೆ ಅವರ ಪಕ್ಕದಲ್ಲಿ ಕೂತಳು. ಇನ್ನೊಂದು ಗವಸು ಎಳೆದುಕೊಂಡು ಮಡಿಸಿದಳು. "ಅಂಚು ಒಳಗೆ ಬರ್ಬೇಕು ಮಾವ, ಹಿಂಗೆ," ಎಂದಳು. ಮಾವ ಹಾಗೆಯೇ ಮಡಿಸಿದರು.

ಇಪ್ಪತ್ತೊಂಬತ್ತನೇ ತಾರೀಖಿನ ಸಂಜೆ ಗೋಡೆಯ ಮೇಲೆ ಇನ್ನೂರ ಐವತ್ತೆಂಟು ಬಿದ್ದಿತ್ತು. ಬೇಕಾದದ್ದು ಇನ್ನೂರ ಎಪ್ಪತ್ತು. ಹನ್ನೆರಡೇ ಹನ್ನೆರಡು ಯೂನಿಟ್! ಸೊಸೆ ಎರಡೂ ಮಷೀನಿಗೆ ಕೊನೆಯ ಕಂಬಳಿಗಳನ್ನು ತುಂಬಿ, ಬಿಸಿನೀರಿಗೆ ಇಟ್ಟು, ಬೆಳಗಿನ ಜಾವ ಮೂರಕ್ಕೆ ತಾವಾಗಿಯೇ ಶುರುವಾಗುವಂತೆ ಟೈಮರ್ ತಿರುಗಿಸಿದಳು. ಎದ್ದಾಗ ಆರು ಯೂನಿಟ್ ಆಗಿರುತ್ತದೆ, ಉಳಿದ ಆರು ಇಸ್ತ್ರಿಯಲ್ಲಿ. ರೀಡಿಂಗಿನವರು ಬರುವುದು ಹೇಗೂ ಹತ್ತು ಗಂಟೆಗೆ. ಎಲ್ಲರೂ ಗೆದ್ದೇ ಬಿಟ್ಟವರಂತೆ ಮಲಗಿದರು.

ಬೆಳಿಗ್ಗೆ ಐದೂವರೆಗೆ ಸೊಸೆ ಎದ್ದು ಬಂದಾಗ ಮುಂದಿನ ಕೋಣೆ ಸದ್ದಿಲ್ಲದೆ ಇತ್ತು. ಮಷೀನಿನ ಬಾಗಿಲು ತೆಗೆದು ಕೈ ಹಾಕಿದಳು. ಕಂಬಳಿ ಒಣಗಿಯೇ ಇತ್ತು. ಗೋಡೆಯ ಮೇಲಿನ ದೊಡ್ಡ ಸ್ವಿಚ್ಚು ಕೆಳಗಿತ್ತು.

"ಯಾರು ಆರಿಸಿದ್ದು?"

ಕೇಳಬೇಕಾಗಿಯೇ ಇರಲಿಲ್ಲ. ಮಾವ ಬಾಗಿಲಲ್ಲಿ ನಿಂತಿದ್ದರು. ಬಲಗೈಯನ್ನು ತಮ್ಮದಲ್ಲವೇನೋ ಎಂಬಂತೆ ಮೈಯಿಂದ ದೂರ ಹಿಡಿದುಕೊಂಡು.

"ರಾತ್ರಿ ನೀರು ಕುಡಿಯೋಕೆ ಎದ್ದಿದ್ದೆ," ಎಂದರು. "ನಿದ್ದೆಗಣ್ಣಲ್ಲಿ... ಗೊತ್ತೇ ಆಗ್ಲಿಲ್ಲ ಕಣಮ್ಮಾ."

"ಅಯ್ಯೋ ನಿಮ್ಮ ಕೈಗಿಷ್ಟು!" ಎಂದು ಅತ್ತೆ ಒಳಗಿನಿಂದಲೇ ಶುರು ಮಾಡಿದರು.

ಸೊಸೆಗೆ ಬೈಯಲು ಪುರುಸೊತ್ತಿರಲಿಲ್ಲ. "ಹಾಕ್ರೀ ಎಲ್ಲಾನೂ! ಮಷೀನು, ಪೆಟ್ಟಿಗೆ, ಒಲೆ, ಗೀಸರ್! ಇವತ್ತು ಒಂದು ದಿನ ಸುಮ್ಸುಮ್ನೆ ಸುಡ್ರೀ, ನಾನೇ ಹೇಳ್ತಿದೀನಿ!"

ಹಾಕಿದರು. ಐದು ನಿಮಿಷ ಎಲ್ಲವೂ ಉರಿಯಿತು. ಆರನೇ ನಿಮಿಷಕ್ಕೆ ಠಪ್ ಎಂದು ಇಡೀ ಮನೆ ಕತ್ತಲಾಯಿತು. ಅಷ್ಟು ಭಾರ ಹೊರುವ ವೈರಿಂಗ್ ಆ ಮನೆಗೆ ಇರಲಿಲ್ಲ. ಮಾವ ಟಾರ್ಚ್ ಹಿಡಿದು ಫ್ಯೂಸ್ ಕಟ್ಟುವುದರಲ್ಲಿ ಮುಕ್ಕಾಲು ತಾಸು ಹೋಯಿತು. ಆಮೇಲೆ ತಡೆಯುವಷ್ಟನ್ನೇ ಹಾಕಿ ಐದೂ ಜನ ಮೀಟರಿನ ಮುಂದೆ ನಿಂತರು. ಇನ್ನೂರ ಅರವತ್ತೆರಡು. ಅರವತ್ತನಾಲ್ಕು. ಮಗಳು ಉಗುರು ಕಚ್ಚುತ್ತಿದ್ದಳು. ಗಂಡ ಪಾಳಿಗೆ ಹೊರಡಬೇಕಾದ ಹೊತ್ತು ಮೀರಿದರೂ ಕದಲಲಿಲ್ಲ. ಅರವತ್ತಾರು. ಹತ್ತು ಗಂಟೆಯವರೆಗೆ ಬಿಟ್ಟರೆ ದಡ ಸೇರುತ್ತಿದ್ದರು.

ರೀಡಿಂಗಿನ ಹೆಂಗಸು ಎಂಟೂವರೆಗೇ ಬಂದಳು.

"ಇವತ್ತು ಬಿಸಿಲು ಜೋರು, ಈ ಬೀದಿ ಮೊದಲೇ ಮುಗಿಸೋಣ ಅಂತ," ಎನ್ನುತ್ತ ಕೈಯ ಮಷೀನನ್ನು ಮೀಟರಿಗೆ ಹಿಡಿದೇಬಿಟ್ಟಳು.

"ಟೀ ಕುಡೀರಿ, ಕೂತ್ಕೊಳ್ಳಿ, ಮೊಟ್ಟೆ ಬೇಯಿಸಿದೆ!" ಎಂದು ಅತ್ತೆ ಅವಳ ತೋಳು ಹಿಡಿದರು.

"ಆಯ್ತಲ್ಲಮ್ಮಾ, ಬಂತು," ಎಂದು ಅವಳು ಚೀಟಿ ಹರಿದು ಕೊಟ್ಟಳು. ಇನ್ನೂರ ಅರವತ್ತೇಳು.

ಮೂರು ಯೂನಿಟ್ ಕಮ್ಮಿ.

"ಅಪ್ಪ, ನಿನ್ನ ಹಳೇ ಆಫೀಸಲ್ಲಿ ಯಾರಿಗಾದ್ರೂ ಒಂದು ಮಾತು ಹೇಳಿದ್ರೆ..." ಎಂದ ಗಂಡ.

"ಅದೊಂದು ಮಾತ್ರ ಬೇಡ," ಎಂದರು ಮಾವ. "ಮೂವತ್ತಾರು ವರ್ಷ ಯಾರ ಮೀಟರನ್ನೂ ನಾನು ತಿರುಗಿಸಿಲ್ಲ." ಹೇಳಿ, ಅದೇ ಕೈಯನ್ನು ನೋಡಿಕೊಂಡು, ಮೆಟ್ಟಿಲ ಮೇಲೆ ಕುಸಿದು ಕೂತರು. "ಸ್ವಿಚ್ಚು ಮಾತ್ರ ತಿರುಗಿಸಿದೆ."

ಸೊಸೆ ಚೀಟಿಯನ್ನು ಮತ್ತೊಮ್ಮೆ ನೋಡಿದಳು. ಅಳುವೇ ಬರುತ್ತದೆ ಅಂದುಕೊಂಡಳು. ಆದರೆ ಆ ಮುದುಕರ ಮುಖ, ಹಿಂದೆ ಉರಿಯುತ್ತಿರುವ ಐದಾರು ದೀಪ, ಬೇಲಿಯುದ್ದಕ್ಕೂ ನೇತಾಡುವ ಬಸ್ಸಿನ ಗವಸು, ರೀಡಿಂಗಿನವಳ ಕೈಗೆ ಬಲವಂತವಾಗಿ ಮೊಟ್ಟೆ ತುರುಕುತ್ತಿದ್ದ ಅತ್ತೆ, ಎಲ್ಲವನ್ನೂ ಒಟ್ಟಿಗೆ ಕಂಡದ್ದೇ ಅವಳಿಗೆ ನಗು ಬಂತು. ಎಂಥ ನಗು! ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಗಳಿಗೂ ಅಂಟಿತು. ಕೊನೆಗೆ ಮಾವನಿಗೂ.

ಸಂಜೆ ಗಂಡ ಡಿಪೋದಿಂದ ಬಂದಾಗ ಮೇಜಿನ ಮೇಲೆ ಡಬ್ಬಿಯನ್ನು ಬೋರಲು ಹಾಕಿ ದುಡ್ಡು ಸುರಿದಿದ್ದರು. ಅವನೂ ಒಂದು ಲಕೋಟೆ ತೆಗೆದು ಪಕ್ಕಕ್ಕಿಟ್ಟ. ಗವಸುಗಳ ಕೂಲಿ. ಜೊತೆಗೆ ಒಂದು ಮಾತು: ಮ್ಯಾನೇಜರು ಗವಸು ಮೂಸಿ ನೋಡಿ, ಗವಸು, ಡ್ರೈವರುಗಳ ಅಂಗಿ ಎಲ್ಲ ತಿಂಗಳು ತಿಂಗಳು ನಿಮ್ಮವರೇ ಮಾಡ್ತಾರಾ ಎಂದು ಕೇಳಿದ್ದರಂತೆ. ಪೂರ್ತಿ ರೇಟಿಗೆ.

"ಇನ್ನು ಮೂರು ತಿಂಗಳು ಚೆನ್ನಾಗಿ ಸುಟ್ರೆ ಸರಾಸರಿ ಬರುತ್ತೆ," ಎಂದಳು ಮಗಳು. "ಆದ್ರೆ ಆಗ ನಲವತ್ತು ಇರಲ್ಲ."

"ಮುಂದಿನ ವರ್ಷ ಹೊಸ ಯೋಜನೆ ಏನಾದ್ರೂ ಬರಬಹುದು," ಎಂದ ಗಂಡ. "ಸ್ವಲ್ಪ ಕಾದು..."

"ಕಾಯೋದು ಅನ್ನೋ ಮಾತು ಈ ಮನೇಲಿ ಇನ್ನೊಂದು ಸಲ ಕೇಳಿಸ್ಬಾರದು!" ಸೊಸೆ ಮೇಜು ಕುಟ್ಟಿದಳು. "ಅರವತ್ತಿದ್ದಾಗ ಕಾದ್ವಿ. ನಲವತ್ತಕ್ಕೆ ಓಡಿದ್ವಿ. ಹಿಂದೆ ಹಿಂದೆ ಓಡ್ತಾ ಇದ್ರೆ ಅದು ಮುಂದೆ ಮುಂದೆ ಕರಗ್ತಾ ಇರುತ್ತೆ. ಎಂಟು ಪ್ಯಾನಲ್ ಬೇಡ, ನಾಲ್ಕು ಸಾಕು. ನಾಳೇನೇ ತಗೊಳ್ಳೋಣ. ಚಿಕ್ಕ ಸೆಟ್ಟಿಗೆ ಕೊಡ್ತಾರಲ್ಲ ಹದಿನೈದು, ಬಂದಾಗ ಬರ್ಲಿ, ಬಾಗಿಲು ತೆರ್ಕೊಂಡು ಕೂತಿರಲ್ಲ ನಾನು."

"ಇಷ್ಟಕ್ಕೆ ನಾಲ್ಕಾದ್ರೂ ಬರುತ್ತಾ?" ಅತ್ತೆ ನೋಟುಗಳ ಮೇಲೆ ಕಣ್ಣಾಡಿಸಿದರು.

"ಪ್ಯಾನಲ್ ಬರುತ್ತೆ. ಕಬ್ಬಿಣದ ಚೌಕಟ್ಟು, ಕೂರಿಸೋ ಕೂಲಿ, ವೈರಿಂಗು, ಅದಕ್ಕೆ ಸಾಲಲ್ಲ," ಎಂದಳು ಸೊಸೆ.

ಮಾವ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತರು.

"ಅದು ನನ್ನದು. ಚೌಕಟ್ಟು ನಾನೇ ಕಟ್ತೀನಿ. ವೈರು ನಾನೇ ಎಳೀತೀನಿ. ಈ ಮನೆಗೆ ಎಲ್ಲೆಲ್ಲಿ ಯಾವ ವೈರ್ ಹೋಗಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸರ್ಕಾರ ಕೊಡದಿದ್ರೆ ಬಿಡ್ಲಿ, ನೂರಕ್ಕೆ ಇಪ್ಪತ್ತು ನಾನು ಕೊಡ್ತೀನಿ. ಸಬ್ಸಿಡಿ!"

"ನಿಮಗೆ ಅರವತ್ತೆಂಟು!" ಎಂದರು ಅತ್ತೆ.

"ಚಾವಣಿ ಕಂಬಕ್ಕಿಂತ ಗಿಡ್ಡ ಕಣೇ."

ಮಾರನೇ ದಿನದಿಂದ ಚಾವಣಿಯ ಮೇಲೆ ಸುತ್ತಿಗೆಯ ಸದ್ದು. ಮಾವ ಗುಜರಿ ಅಂಗಡಿಯಿಂದ ಆಂಗಲ್ ಪಟ್ಟಿ ತಂದು, ಕೊಯ್ದು, ತೂತು ಕೊರೆದು, ಬಣ್ಣ ಹೊಡೆದರು. ಮೊಮ್ಮಗಳು ಕೆಳಗೆ ಏಣಿ ಹಿಡಿದಳು. ಗಂಡ ರಜೆ ಹಾಕಿ ಪ್ಯಾನಲ್ಲು ಹೊತ್ತು ಮೇಲೇರಿಸಿದ. ಪ್ಯಾನಲ್ ಅಂಗಡಿಯ ಅಳತೆಯವಳು ಬಂದು ಚೌಕಟ್ಟನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡಿದಳು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. "ಯಜಮಾನ್ರೇ, ನಮ್ಮ ಅಂಗಡಿಗೆ ಬರ್ತೀರಾ ಕೆಲಸಕ್ಕೆ?" ಎಂದಳು.

"ಪುರುಸೊತ್ತಿಲ್ಲಮ್ಮಾ," ಎಂದರು ಮಾವ.

ಹತ್ತನೇ ತಾರೀಖು ಬೆಳಿಗ್ಗೆ ಇಲಾಖೆಯವರು ಬಂದು ಪರೀಕ್ಷಿಸಿ, ಸಹಿ ಹಾಕಿ ಹೋದರು. ಹನ್ನೊಂದು ಗಂಟೆಗೆ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ಮಾವ ಜಗಲಿಯಲ್ಲಿ ಮೀಟರಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತು ಕೂಗಿದರು: "ಹಾಕಮ್ಮಾ ಪೆಟ್ಟಿಗೆ!"

ಸೊಸೆ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಹಾಕಿದಳು. ಪೆಟ್ಟಿಗೆ ಕಾಯಿತು. ಮೇಜಿನ ಮೇಲೆ ಡಿಪೋದ ಮೊದಲ ಕಂತಿನ ಅಂಗಿಗಳಿದ್ದವು, ಒಂದನ್ನು ಹರಡಿ ನೀರು ಚಿಮುಕಿಸಿ ಪೆಟ್ಟಿಗೆ ಎಳೆದಳು. ಉಗಿ ಎದ್ದಿತು.

"ಕೆಂಪು ದೀಪ ಮಿಟುಕ್ತಿಲ್ಲ!" ಮಾವನ ದನಿ ಒಡೆಯಿತು. "ನಿಂತಿದೆ ಕಣಮ್ಮಾ, ಮೀಟರ್ ನಿಂತಿದೆ! ಎರಡನೇ ಪೆಟ್ಟಿಗೆ ಹಾಕು!"

ಎರಡನೆಯದನ್ನೂ ಹಾಕಿದಳು. ಅತ್ತೆ ಸೊಪ್ಪು ಸೋಸುವುದನ್ನು ಬಿಟ್ಟು ಜಗಲಿಗೆ ಓಡಿದರು. "ಎಲ್ಲಿ, ಸರೀರಿ, ನಾನೂ ನೋಡ್ಬೇಕು!" ಮಗಳು ಕುಣಿಯುತ್ತಿದ್ದಳು. ಸೊಸೆಗೂ ಹೋಗಿ ನೋಡಬೇಕೆನಿಸಿತು, ಆದರೆ ಅಂಗಿಯ ಮೇಲೆ ಪೆಟ್ಟಿಗೆ ಬಿಡುವಂತಿರಲಿಲ್ಲ. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಕೆನ್ನೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು.

"ಏನಮ್ಮಾ, ಹತ್ತನೇ ತಾರೀಖು ಆಯ್ತಲ್ಲ, ಎಲ್ಲಿದೀಯಾ?" ಎಂದ ಸೂಪರ್‌ವೈಸರ್. "ಪ್ರೆಸ್ ಖಾಲಿ ಬಿಟ್ಕೊಂಡು ಕಾಯ್ತಿದೀನಿ."

"ಇವತ್ತು ಬರೋಕಾಗಲ್ಲ ಸಾರ್," ಎಂದಳು ಸೊಸೆ, ಅಂಗಿಯ ತೋಳು ತಿರುಗಿಸಿ ಹಾಕುತ್ತ. "ಬಿಸಿಲು ಚೆನ್ನಾಗಿದೆ."

"ಏನು? ಬಿಸಿಲಾ? ಸರಿ, ನಾಳೆ?"

"ನಾಳೆಯೂ ಬಿಸಿಲಿರುತ್ತೆ ಸಾರ್," ಎಂದು ಹೇಳಿ ಅವಳು ಇನ್ನೊಂದು ಅಂಗಿ ತೆಗೆದುಕೊಂಡಳು.